ಗೋಡೌನಿನ ಮಾಡಿಗೆ ಡಾರ್ಮರ್: ಪಕ್ಕಾಸು ಕತ್ತರಿಸುವ ಮೊದಲು

ಪ್ರಶ್ನೆ: ನಾನು ಮೂಲತಃ ಕುಮಟಾದವನು. ಇಪ್ಪತ್ತು ವರ್ಷಗಳಿಂದ ಗೋವಾದ ಫೋಂಡಾ ತಾಲೂಕಿನಲ್ಲಿ ಶಾಮಿಯಾನ ಮತ್ತು ಮದುವೆ ಸಾಮಾನುಗಳನ್ನು ಬಾಡಿಗೆಗೆ ಕೊಡುವ ವ್ಯವಹಾರ ನಡೆಸುತ್ತಿದ್ದೇನೆ. ನನ್ನ ಗೋಡೌನು 24 ಅಡಿ ಅಗಲ, 40 ಅಡಿ ಉದ್ದವಿದೆ. ಉದ್ದ ಉತ್ತರ-ದಕ್ಷಿಣವಾಗಿದೆ. ಗೋಡೆಗಳು ಚಿರೇಕಲ್ಲಿನವು, ಗಟ್ಟಿಯಾಗಿವೆ. ಆದರೆ ಹಳೆಯ ಮಾಡಿಗೆ ಗೆದ್ದಲು ಹಿಡಿದಿರುವುದರಿಂದ ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಸಬೇಕಾಗಿದೆ. ಈ ಸಲ ಒಳಗೆ ಅಟ್ಟ ಕಟ್ಟಿಸಿ, ಎರಡೂ ಇಳಿಜಾರುಗಳಲ್ಲಿ ಎರಡೆರಡರಂತೆ 6 ಅಡಿ ಅಗಲದ ನಾಲ್ಕು ಡಾರ್ಮರ್ (ಮಾಡಿನಿಂದ ಎದ್ದು ನಿಲ್ಲುವ ಕಿಟಕಿಗೂಡು) ಇಡಿಸಿ, ಬೆಳಕು, ಗಾಳಿ ಮತ್ತು ನಿಲ್ಲುವಷ್ಟು ಎತ್ತರ ಪಡೆಯಬೇಕೆಂಬುದು ನನ್ನ ಆಸೆ. ಒಂದು ಡಾರ್ಮರ್‌ನಿಂದ ಸಾಮಾನನ್ನು ಹಗ್ಗದಲ್ಲಿ ಮೇಲಕ್ಕೆ ಎಳೆಯುವ ಯೋಚನೆಯೂ ಇದೆ. ಬಡಗಿಯವರು 30 ಡಿಗ್ರಿ ಇಳಿಜಾರಿನಲ್ಲಿ, ಎರಡು ಅಡಿಗೊಂದರಂತೆ 2×4 ಇಂಚಿನ ಪಕ್ಕಾಸು (ನೆತ್ತಿಯಿಂದ ಗೋಡೆಗೆ ಇಳಿಯುವ ಓರೆ ಮರ) ಹಾಕಿ, ಬೇಕಾದಲ್ಲಿ ಎರಡು ಪಕ್ಕಾಸು ಕತ್ತರಿಸಿದರಾಯಿತು, ಏನೂ ಆಗುವುದಿಲ್ಲ ಎನ್ನುತ್ತಾರೆ. ಫ್ಯಾಬ್ರಿಕೇಶನ್‌ನವರು ಮರವೇ ಬೇಡ, ಕಬ್ಬಿಣದ ಟ್ರಸ್ (ಸರಳುಗಳನ್ನು ಜೋಡಿಸಿದ ತ್ರಿಕೋನ ಚೌಕಟ್ಟು) ಹಾಕೋಣ ಎನ್ನುತ್ತಾರೆ. ನನ್ನ ಭಾವನವರು ಡಾರ್ಮರ್ ಇಟ್ಟ ಮಾಡು ಸೋರದೇ ಇರುವುದಿಲ್ಲ, ಬಿರುಗಾಳಿಗೆ ಮೊದಲು ಹಾರುವುದೂ ಅದೇ ಎಂದು ಹೆದರಿಸಿದ್ದಾರೆ. ಯಾರ ಮಾತು ಕೇಳಲಿ? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿರುವ ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ, ಯಾರ ಮಾತೂ ಪೂರ್ತಿ ಸರಿಯಲ್ಲ. ಮಾಡಿನ ಇಳಿಜಾರಿನಿಂದ ಗೂಡಿನಂತೆ ಎದ್ದು ನಿಲ್ಲುವ ಈ ಕಿಟಕಿ ಹೊರಗಿನಿಂದ ನೋಡುವವರಿಗೆ ಅಲಂಕಾರ. ಕಟ್ಟುವವರ ಲೆಕ್ಕದಲ್ಲಿ ಅದು ಮೊದಲಿಗೆ ಮಾಡಿನಲ್ಲಿ ಕೊರೆದ ಒಂದು ತೂತು. ಅಲ್ಲಿದ್ದ ಪಕ್ಕಾಸುಗಳು ಹೊರುತ್ತಿದ್ದ ಭಾರ ಇನ್ನು ಯಾವ ದಾರಿಯಾಗಿ ಗೋಡೆಗೆ ಇಳಿಯುತ್ತದೆ, ಅಲ್ಲಿ ನೇರವಾಗಿ ಇಳಿದು ಹೋಗುತ್ತಿದ್ದ ನೀರು ಇನ್ನು ಯಾವ ದಾರಿ ಹಿಡಿಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಸಿಕ್ಕ ಮೇಲೆಯೇ ಬಡಗಿ ಗರಗಸ ಎತ್ತಬೇಕು. ಗೋವಾದಲ್ಲಿ ಹಂಚಿನ ಮಾಡುಗಳ ಲೆಕ್ಕ ಹಾಕುತ್ತ, ಕೆಟ್ಟವನ್ನು ಬಿಚ್ಚಿಸುತ್ತ ಬಂದಿರುವ ನಾನು ನೋಡಿದ ಮಟ್ಟಿಗೆ, ಕೆಟ್ಟ ಡಾರ್ಮರ್‌ಗಳೆಲ್ಲ ಈ ಎರಡರಲ್ಲಿ ಒಂದನ್ನು ಮರೆತಿದ್ದರಿಂದಲೇ ಕೆಟ್ಟಿವೆ.

ಅದಕ್ಕೂ ಮೊದಲು, ಡಾರ್ಮರ್ ಇಟ್ಟರೆ ಅಟ್ಟದ ಎತ್ತರ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಸ್ವಲ್ಪ ತಿದ್ದಬೇಕಾಗಿದೆ. ಮಾಡಿನ ನೆತ್ತಿ ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ ಮೇಲೆ ಡಾರ್ಮರ್ ಹೋಗುವುದಿಲ್ಲ. ನೆತ್ತಿಯ ಕೆಳಗಿರುವ ಎತ್ತರವನ್ನು ಅದು ತನ್ನ ಅಗಲದಷ್ಟು ಜಾಗದಲ್ಲಿ ಮಾತ್ರ ಪಕ್ಕಕ್ಕೆ ಹರಡುತ್ತದೆ. ನಿಮ್ಮ ಗೋಡೌನಿನ ಅರ್ಧ ಅಗಲ 12 ಅಡಿ. 30 ಡಿಗ್ರಿ ಇಳಿಜಾರಿನಲ್ಲಿ ಗೋಡೆಯ ತಲೆಯಿಂದ ನೆತ್ತಿಗೆ ಸಿಗುವ ಎತ್ತರ ಹತ್ತಿರ ಹತ್ತಿರ 6.9 ಅಡಿ. ಅಂದರೆ ಆರಡಿ ಎತ್ತರದ ಮನುಷ್ಯ ತಲೆ ಬಗ್ಗಿಸದೆ ನಿಲ್ಲಬಹುದಾದ ಜಾಗ ನಟ್ಟನಡುವೆ ಮೂರಡಿ ಚಿಲ್ಲರೆ ಅಗಲದ ಒಂದು ಪಟ್ಟಿ ಮಾತ್ರ, ಅದರಲ್ಲೂ ತೊಲೆಯ ದಪ್ಪ ಕಳೆಯಬೇಕು. ಅದೇ ಇಳಿಜಾರನ್ನು 35 ಡಿಗ್ರಿಗೆ ಏರಿಸಿದರೆ ನೆತ್ತಿ 8.4 ಅಡಿಗೆ ಹೋಗುತ್ತದೆ, ನಿಲ್ಲುವ ಪಟ್ಟಿ ಸುಮಾರು 6.8 ಅಡಿ ಅಗಲವಾಗುತ್ತದೆ. ಇದಕ್ಕೆ ತಗಲುವ ಹೆಚ್ಚುವರಿ ಹಂಚು ನೂರಕ್ಕೆ ಆರರಷ್ಟು. ನಾಲ್ಕು ಡಾರ್ಮರ್‌ಗಳಿಂದ ಸಿಗದ ಜಾಗ ಬರೀ ಇಳಿಜಾರು ಬದಲಿಸಿದ್ದರಿಂದ ಸಿಗುತ್ತದೆ. ಹಾಗಾಗಿ 35 ಡಿಗ್ರಿಯನ್ನೇ ಹಿಡಿಯಿರಿ ಎಂಬುದು ನನ್ನ ಮೊದಲ ಸಲಹೆ. ಮಳೆನೀರಿನ ದೃಷ್ಟಿಯಿಂದಲೂ ಅದೇ ಒಳ್ಳೆಯದು, ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಅಟ್ಟದ ನೆಲದಿಂದ ಮೂರಡಿ ಗೋಡೆ ಏರಿಸಿದರೆ ಹೇಗೆ ಎಂದು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಜಾಗದ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಲಾಭದ್ದು. 30 ಡಿಗ್ರಿಯಲ್ಲೇ ನಿಲ್ಲುವ ಪಟ್ಟಿ ಹದಿಮೂರು ಅಡಿ ದಾಟುತ್ತದೆ. ಆದರೆ ಅದರಲ್ಲಿ ಒಂದು ಅಪಾಯ ಅಡಗಿದೆ. ಎದುರುಬದುರು ಒರಗಿ ನಿಂತ ಎರಡು ಪಕ್ಕಾಸುಗಳು ಕೆಳತುದಿಯಲ್ಲಿ ಗೋಡೆಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತವೆ. ಹಂಚು, ಮರ, ರಿಪೇರಿಗೆ ಹತ್ತುವವರ ಭಾರವನ್ನೆಲ್ಲ ಸೇರಿಸಿ ನಿಮ್ಮ ಅಗಲಕ್ಕೆ ಲೆಕ್ಕ ಹಾಕಿದರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ಈ ನೂಕು ಸುಮಾರು 400 ಕಿಲೋ. ಪಕ್ಕಾಸಿನ ಬುಡದ ಮಟ್ಟದಲ್ಲೇ ಅಟ್ಟದ ತೊಲೆಗಳಿದ್ದರೆ ಅವು ಎರಡು ಬುಡಗಳನ್ನೂ ಹಿಡಿದೆಳೆದು ಈ ನೂಕನ್ನು ನುಂಗಿಬಿಡುತ್ತವೆ. ಗೋಡೆಯನ್ನು ಮೂರಡಿ ಏರಿಸಿದಾಗ ತೊಲೆ ಕೆಳಗೇ ಉಳಿಯುತ್ತದೆ, ನೂಕು ಮೂರಡಿ ಮೇಲಕ್ಕೆ ಹೋಗುತ್ತದೆ. ಚಿರೇಕಲ್ಲು ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿ ಹೊರುತ್ತದೆ, ಆದರೆ ಪಕ್ಕಕ್ಕೆ ಬಾಗಿಸುವ ಬಲವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಗೋಡೆ ಏರಿಸಲೇಬೇಕೆಂದರೆ ಆರ್‌ಸಿಸಿ ಕಂಬಗಳು ಬೇಕು, ಇಲ್ಲವೇ ಪಕ್ಕಾಸುಗಳು ಒರಗದೆ ತೂಗಿ ನಿಲ್ಲುವಂತೆ ನೆತ್ತಿಯಲ್ಲಿ ನಿಜವಾಗಿ ಭಾರ ಹೊರುವ ಉಕ್ಕಿನ ತೊಲೆ ಬೇಕು. ಕಟ್ಟಡದ ಎತ್ತರ ಬದಲಾಗುವುದರಿಂದ 2010ರ ಗೋವಾ ಕಟ್ಟಡ ನಿಯಮಾವಳಿಯ ಪ್ರಕಾರ ಹೊಸ ನಕ್ಷೆಗೆ ಒಪ್ಪಿಗೆಯನ್ನೂ ಪಡೆಯಬೇಕಾಗುತ್ತದೆ. ನಿಮ್ಮ ಅಗತ್ಯಕ್ಕೆ ಇಷ್ಟು ದೂರ ಹೋಗುವ ಕಾರಣ ನನಗೆ ಕಾಣುವುದಿಲ್ಲ.

ಇನ್ನು ಬಡಗಿಯವರು ಹೇಳಿದ "ಎರಡು ಪಕ್ಕಾಸು ಕತ್ತರಿಸಿದರೆ ಏನೂ ಆಗುವುದಿಲ್ಲ" ಎಂಬ ಮಾತು. ಕತ್ತರಿಸಿದ ದಿನ ಏನೂ ಆಗುವುದಿಲ್ಲ ಎಂಬುದು ನಿಜ. ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳು, ಅಕ್ಕಪಕ್ಕದ ಪಕ್ಕಾಸುಗಳು ಕೈಗೆ ಕೈ ಕೊಟ್ಟು ಭಾರ ಹಂಚಿಕೊಳ್ಳುತ್ತವೆ. ಒಣಗಿದ ಮಂಗಳೂರು ಹಂಚು ಒಂದೊಂದು 2ರಿಂದ 3 ಕಿಲೋ ತೂಗುತ್ತದೆ, ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ ಹದಿನೈದು ಹಂಚು ಬೇಕು. ರೀಪು ಮತ್ತು ನೆನೆದ ಹಂಚಿನ ಭಾರ ಸೇರಿಸಿ ಚದರ ಮೀಟರಿಗೆ 65 ಕಿಲೋ ಎಂದು ಹಿಡಿಯುವುದು ನಮ್ಮ ವಾಡಿಕೆ. ಈ ಭಾರ ಒಂದು ದಿನ ಬಂದು ಹೋಗುವುದಲ್ಲ, ವರ್ಷವಿಡೀ ಕೂತಿರುವುದು. ಮರ ಇಂಥ ನಿತ್ಯಭಾರದಡಿಯಲ್ಲಿ ನಿಧಾನವಾಗಿ ಬಾಗುತ್ತಲೇ ಹೋಗುತ್ತದೆ. ಹಲವು ವರ್ಷಗಳ ಹಿಂದೆ ಮಡಗಾಂವದ ಹೊರವಲಯದ ಒಂದು ಗೋಡೌನಿಗೆ ನನ್ನನ್ನು ಕರೆದಿದ್ದರು. ಡಾರ್ಮರ್‌ನ ಕಿಟಕಿ ಮುಚ್ಚಲು ಬರುತ್ತಿಲ್ಲ ಎಂಬುದಷ್ಟೇ ಅವರ ದೂರು. ಕೀಲು ಸರಿಪಡಿಸಲು ಬಂದವನು ಎರಡು ಸಲ ಪಟ್ಟಿ ಕೆತ್ತಿ ಹೋಗಿದ್ದ. ನಾನು ಅಟ್ಟ ಹತ್ತಿ ಬ್ಯಾಟರಿ ಬಿಟ್ಟು ನೋಡಿದರೆ, ಕತ್ತರಿಸಿದ ಪಕ್ಕಾಸುಗಳ ತುದಿಗೆ ಹೊಡೆದ ಅಡ್ಡಮರ ಎರಡು ಬದಿಗಳಲ್ಲಿ ಓರೆಯಾಗಿ ಬಡಿದ ಎರಡೆರಡು ಮೊಳೆಗಳ ಮೇಲೆ ಮಾತ್ರ ನೇತಾಡುತ್ತಿತ್ತು. ಮೊಳೆಗಳು ಮರವನ್ನು ಸೀಳಿಕೊಂಡು ಹೆಬ್ಬೆರಳಿನ ದಪ್ಪದಷ್ಟು ಕೆಳಗಿಳಿದಿದ್ದವು, ಪಕ್ಕದ ಒಂಟಿ ಪಕ್ಕಾಸು ಬಿಲ್ಲಿನಂತೆ ಬಾಗಿತ್ತು. ಅದು ಎರಡು ಮಳೆಗಾಲ ಕಂಡ ಮಾಡು. ಕಿಟಕಿ ಮುಚ್ಚದಿದ್ದದ್ದು ಅವರ ಪುಣ್ಯ, ಅದರಿಂದಾಗಿಯೇ ಯಾರಾದರೂ ಮೇಲೆ ಹತ್ತಿ ನೋಡುವಂತಾಯಿತು.

ಸರಿಯಾದ ಕ್ರಮ ಹೀಗಿದೆ. ತೂತಿನ ಎರಡು ಬದಿಗಳಲ್ಲಿ ನೆತ್ತಿಯಿಂದ ಗೋಡೆಯವರೆಗೆ ಅಖಂಡವಾಗಿ ಹೋಗುವ ಪಕ್ಕಾಸುಗಳನ್ನು ಜೋಡಿಯಾಗಿ ಹಾಕಿ, ಎರಡನ್ನೂ ಅಡಿಗೊಂದರಂತೆ ಬೋಲ್ಟ್ ಹಾಕಿ ಒಂದು ಮಾಡಬೇಕು. ತೂತಿನ ಮೇಲೂ ಕೆಳಗೂ ಅದೇ ದಪ್ಪದ ಜೋಡಿ ಅಡ್ಡಮರ ಕೊಟ್ಟು, ಅದನ್ನು ಓರೆ ಮೊಳೆಯಿಂದಲ್ಲ, ಮರದ ತುದಿಯನ್ನು ಕೆಳಗಿನಿಂದ ಹೊರುವ ಉಕ್ಕಿನ ತೊಟ್ಟಿಲುಪಟ್ಟಿಯಲ್ಲಿ ಕೂರಿಸಿ ಜೋಡಿ ಪಕ್ಕಾಸಿಗೆ ಬೋಲ್ಟ್ ಹಾಕಬೇಕು. ಕತ್ತರಿಸಿದ ಪಕ್ಕಾಸುಗಳ ಮೇಲ್ತುಂಡು ಮೇಲಿನ ಅಡ್ಡಮರಕ್ಕೆ, ಕೆಳತುಂಡು ಕೆಳಗಿನ ಅಡ್ಡಮರಕ್ಕೆ ಸೇರುತ್ತವೆ. ಡಾರ್ಮರ್‌ನ ಮುಂಗೋಡೆಯ ಎರಡು ಕಂಬಗಳನ್ನು ಪಕ್ಕಾಸಿನ ಬೆನ್ನ ಮೇಲೆ ನಿಲ್ಲಿಸದೆ ಅಟ್ಟದ ತೊಲೆಯವರೆಗೂ ಇಳಿಸಿದರೆ, ಡಾರ್ಮರ್‌ನ ಸ್ವಂತ ಭಾರದ ದೊಡ್ಡ ಪಾಲು ಮಾಡಿಗೆ ತಗಲುವುದೇ ಇಲ್ಲ. ಈ ಒಂದು ಬದಲಾವಣೆಗೆ ಖರ್ಚು ನಾಲ್ಕಾರು ಅಡಿ ಮರ, ಪ್ರಯೋಜನ ಬಹಳ.

ಅಳತೆಯ ವಿಷಯದಲ್ಲಿ ಬಡಗಿಯವರ 2×4 ಇಂಚನ್ನು ನಾನು ಒಪ್ಪಲಾರೆ. ನಡುವೆ ಆಸರೆಯಿಲ್ಲದ ಹದಿನಾಲ್ಕಡಿ ಉದ್ದದ ಪಕ್ಕಾಸು ಎರಡು ಅಡಿಯ ಅಂತರದಲ್ಲಿ ಆ ದಪ್ಪದ್ದಾದರೆ, ಮರ ಮುರಿಯದಿದ್ದರೂ ನಡುವೆ ಎರಡು ಇಂಚಿನಷ್ಟು ಬಾಗುತ್ತದೆ ಎಂದು ಲೆಕ್ಕ ಹೇಳುತ್ತದೆ. ಅಷ್ಟು ಬಾಗಿದ ಮಾಡಿನಲ್ಲಿ ಹಂಚುಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಹಳೆಯ ಮನೆಗಳಲ್ಲಿ ತೆಳು ಪಕ್ಕಾಸು ನಿಂತಿದ್ದು ನಡುವೆ ಅಡ್ಡತೊಲೆಯ ಆಸರೆ ಇದ್ದುದರಿಂದ. ನಿಮಗೆ ಅಟ್ಟದ ಜಾಗ ಬಿಡುವು ಬೇಕಾಗಿರುವುದರಿಂದ, 3×6 ಇಂಚಿನ ಒಣಗಿದ ಮತ್ತಿ ಅಥವಾ ಅದಕ್ಕೆ ಸಮನಾದ ಗಟ್ಟಿಮರದ ಪಕ್ಕಾಸನ್ನು 20 ಇಂಚಿನ ಅಂತರದಲ್ಲಿ ಹಾಕಿ. ಇಪ್ಪತ್ತೇ ಇಂಚು ಎಂದದ್ದಕ್ಕೆ ಕಾರಣವಿದೆ: ಮೂರು ಅಂತರ ಸೇರಿ ಸರಿಯಾಗಿ ಐದಡಿ ಆಗುತ್ತದೆ, ಎರಡೇ ಪಕ್ಕಾಸು ಕತ್ತರಿಸಿ ಐದಡಿಯ ಡಾರ್ಮರ್ ಕೂರಿಸಬಹುದು. ನೀವು ಬಯಸಿದ ಆರಡಿಯನ್ನು ನಾನು ಐದಕ್ಕೆ ಇಳಿಸಿದ್ದು ಇದೊಂದೇ ಕಾರಣಕ್ಕಲ್ಲ. ಮುಂಗೋಡೆಯನ್ನು ಹೊರಗೋಡೆಯಿಂದ ನಾಲ್ಕಡಿ ಒಳಗಿಟ್ಟು, ಡಾರ್ಮರ್‌ನ ಸೂರನ್ನು ಅಟ್ಟದ ನೆಲದಿಂದ ಐದೂವರೆ ಅಡಿಗೆ ಹಿಡಿದರೆ, ಐದಡಿ ಅಗಲಕ್ಕೆ ಅದರ ನೆತ್ತಿ 7.25 ಅಡಿಗೆ ಬರುತ್ತದೆ, ಮುಖ್ಯ ನೆತ್ತಿಯ ಕೆಳಗೆ ಎರಡು ಸಾಲು ಹಂಚಿಗೆ ಜಾಗ ಉಳಿಯುತ್ತದೆ. ಆ ಎರಡು ಸಾಲು ಇಲ್ಲದಿದ್ದರೆ ಎರಡು ನೆತ್ತಿಗಳು ಒಂದೇ ಕಡೆ ಕೂಡಿ, ಅಲ್ಲಿ ಗಾರೆ ಮೆತ್ತುವುದನ್ನು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಗಾರೆ ಮೆತ್ತಿದ ಜಾಗ ಸೋರುವ ಜಾಗ.

ಅಟ್ಟದ ನೆಲದ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ, ಆದರೆ ನನಗೆ ಹೆಚ್ಚು ಚಿಂತೆಯಾದದ್ದು ಅದರದ್ದೇ. ವಾಸದ ಕೋಣೆಯ ನೆಲಕ್ಕೆ ಕಟ್ಟಡಭಾರದ ಭಾರತೀಯ ಸಂಹಿತೆ ಚದರ ಮೀಟರಿಗೆ ಸುಮಾರು 200 ಕಿಲೋ ಹಿಡಿಯುತ್ತದೆ. ಸಾಮಾನು ತುಂಬುವ ಗೋಡೌನಿಗೆ ಅದೇ ಸಂಹಿತೆ ಕನಿಷ್ಠ 750 ಕಿಲೋ ಹಿಡಿಯಬೇಕೆನ್ನುತ್ತದೆ. ಮಳೆಯಲ್ಲಿ ನೆನೆದು ಬಂದ ಜಮಖಾನೆಗಳ ಅಟ್ಟಿ, ಒಂದರೊಳಗೊಂದು ಕೂರಿಸಿದ ತಾಮ್ರದ ಹಂಡೆಗಳು ಎಷ್ಟು ತೂಗುತ್ತವೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 24 ಅಡಿ ಅಗಲವನ್ನು ಮರದ ತೊಲೆಯಲ್ಲಿ ದಾಟಿಸಿ ಈ ಭಾರ ಹೊರಿಸಲು ಸಾಧ್ಯವಿಲ್ಲ. ಉಕ್ಕಿನ ಐ-ಬೀಮುಗಳನ್ನು ಹತ್ತಡಿಗೊಂದರಂತೆ ಹಾಕಿದರೂ, ನಡುವೆ ಕಂಬವಿಲ್ಲದಿದ್ದರೆ 400 ಮಿಲಿಮೀಟರ್ ಎತ್ತರದ ಬೀಮು ಬೇಕಾಗುತ್ತದೆ, ಅದರ ಒಂದೊಂದು ತುದಿಯೂ ಚಿರೇಕಲ್ಲಿನ ಗೋಡೆಯ ಮೇಲೆ ಎಂಟು ಟನ್ನಿನಷ್ಟು ಒತ್ತುತ್ತದೆ. ಗೋಡೌನಿನ ನಟ್ಟನಡುವೆ ಉದ್ದಕ್ಕೆ ಒಂದು ಸಾಲು ಕಂಬಗಳಿಗೆ ಜಾಗ ಬಿಟ್ಟುಕೊಡಿ. ಆಗ 225 ಮಿಲಿಮೀಟರಿನ ಬೀಮು ಸಾಕು, ಗೋಡೆಯ ಮೇಲಿನ ಒತ್ತಡವೂ ಅರ್ಧಕ್ಕಿಳಿಯುತ್ತದೆ. ಆದರೂ ಬೀಮಿನ ತುದಿ ಕೂರುವ ಕಡೆಯೆಲ್ಲ ಕಾಂಕ್ರೀಟಿನ ದಿಂಬು, ಗೋಡೆಯ ತಲೆಯ ಮೇಲೆ ಸುತ್ತಲೂ ಆರ್‌ಸಿಸಿ ಪಟ್ಟಿ ಇರಲೇಬೇಕು. ಇದೇ ಪಟ್ಟಿ ಮತ್ತು ಬೀಮುಗಳು ಸೇರಿ ನಾನು ಮೇಲೆ ಹೇಳಿದ ಹೊರನೂಕನ್ನು ಹಿಡಿದಿಡುವ ಕಟ್ಟೂ ಆಗುತ್ತವೆ.

ಫ್ಯಾಬ್ರಿಕೇಶನ್‌ನವರು ಹೇಳುವ ಟ್ರಸ್ ಕೆಟ್ಟ ಆಯ್ಕೆಯಲ್ಲ. ಗೆದ್ದಲಿನ ಕಾಟ ತಪ್ಪುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಎರಡು ಮಾತು ಮಾತ್ರ ಅವರನ್ನು ಕೇಳಿ. ಸಾಮಾನ್ಯ ಟ್ರಸ್ ಒಳಗೆ ಓರೆ ಸರಳುಗಳೇ ತುಂಬಿರುತ್ತವೆ, ಅಂಥದ್ದನ್ನು ಹಾಕಿದರೆ ನಿಮ್ಮ ಅಟ್ಟದಲ್ಲಿ ಓಡಾಡಲು ಆಗುವುದಿಲ್ಲ. ನಡುವೆ ಚೌಕಾಕಾರದ ಬಯಲು ಬಿಟ್ಟ ಅಟ್ಟದ ಟ್ರಸ್ ಬೇಕು, ಅದಕ್ಕೆ ಉಕ್ಕು ಹೆಚ್ಚು ಹಿಡಿಯುತ್ತದೆ. ಎರಡನೆಯದಾಗಿ, ಡಾರ್ಮರ್‌ಗಾಗಿ ಟ್ರಸ್‌ನ ಯಾವ ಸರಳನ್ನೂ ಯಾವ ಕಾರಣಕ್ಕೂ ಕತ್ತರಿಸಕೂಡದು. ಪಕ್ಕಾಸು ಕತ್ತರಿಸಿದರೆ ಆ ಭಾಗ ಬಾಗುತ್ತದೆ. ಟ್ರಸ್‌ನ ಒಂದು ಸರಳು ಹೋದರೆ ಇಡೀ ಟ್ರಸ್‌ನ ಲೆಕ್ಕವೇ ತಪ್ಪುತ್ತದೆ. ನಿಮ್ಮ 40 ಅಡಿಗೆ ಹತ್ತಡಿಗೊಂದರಂತೆ ಐದು ಟ್ರಸ್ ನಿಲ್ಲಿಸಿದರೆ, ಎರಡು ಟ್ರಸ್‌ಗಳ ನಡುವೆ ಐದಡಿಯ ಡಾರ್ಮರ್ ಸಲೀಸಾಗಿ ಕೂರುತ್ತದೆ, ಕತ್ತರಿಸಬೇಕಾದ್ದು ಟ್ರಸ್‌ನಿಂದ ಟ್ರಸ್‌ಗೆ ಹಾಕುವ ಅಡ್ಡಪಟ್ಟಿ, ಅಂದರೆ ಪರ್ಲಿನ್‌ಗಳನ್ನು ಮಾತ್ರ. ಮರವೋ ಉಕ್ಕೋ ಎಂಬುದನ್ನು ನಿಮ್ಮ ಊರಿನಲ್ಲಿ ಒಳ್ಳೆಯ ಬಡಗಿ ಸಿಗುತ್ತಾರೋ ಒಳ್ಳೆಯ ವೆಲ್ಡರ್ ಸಿಗುತ್ತಾರೋ ನೋಡಿ ತೀರ್ಮಾನಿಸಿ.

ಈಗ ನೀರಿನ ಮಾತಿಗೆ ಬರುತ್ತೇನೆ. ಡಾರ್ಮರ್ ಸೋರದೇ ಇರುವುದಿಲ್ಲ ಎಂಬ ನಿಮ್ಮ ಭಾವನವರ ಮಾತು ಸತ್ಯವಲ್ಲ, ಆದರೆ ಅವರು ನೋಡಿದ ಡಾರ್ಮರ್‌ಗಳೆಲ್ಲ ಸೋರಿದ್ದರೆ ನನಗೆ ಆಶ್ಚರ್ಯವೂ ಇಲ್ಲ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದೂ ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಿಮ್ಮ ಗೋಡೌನಿನ ಮಾಡಿನ ಮೇಲೆ ಒಂದು ವರ್ಷದಲ್ಲಿ ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಹಂಚಿನ ಮಾಡು ನೀರನ್ನು ತಡೆಹಿಡಿಯುವುದಿಲ್ಲ, ಅದನ್ನು ಹಂಚಿನಿಂದ ಹಂಚಿಗೆ ದಾಟಿಸಿ ಕೆಳಗೆ ಕಳಿಸುತ್ತದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ತಯಾರಿಸಲು ತೊಡಗಿದ ಈ ಹಂಚಿನ ಜಾಣತನವಿರುವುದು ಅದರ ಅಂಚುಗಳಲ್ಲಿ. ಒಂದು ಹಂಚನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ: ಒಂದು ಬದಿಯಲ್ಲಿ ಉದ್ದಕ್ಕೆ ತೋಡು, ಇನ್ನೊಂದು ಬದಿಯಲ್ಲಿ ಆ ತೋಡಿನೊಳಗೆ ಕೂರುವ ಏಣು, ಹಿಂಬದಿಯ ಮೇಲ್ಭಾಗದಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಎರಡು ಪುಟ್ಟ ಗುಬುಟುಗಳು. ಡಾರ್ಮರ್‌ನ ಪಕ್ಕದಲ್ಲಿ ಹಂಚನ್ನು ಓರೆಯಾಗಿ ಕತ್ತರಿಸಿದಾಗ ಈ ಮೂರರಲ್ಲಿ ಯಾವುದಾದರೂ ಒಂದು ಹೋಗಿಯೇ ಹೋಗುತ್ತದೆ. ಕೆಲವು ತುಂಡುಗಳಿಗೆ ಗುಬುಟೇ ಉಳಿಯುವುದಿಲ್ಲ, ಅವು ರೀಪಿನ ಮೇಲೆ ಸುಮ್ಮನೆ ಮಲಗಿರುತ್ತವೆ. ಕಾಗೆ ಕೂತರೆ ಜಾರುತ್ತವೆ. ಅಂಥ ಪ್ರತಿ ತುಂಡಿಗೂ ತೂತು ಕೊರೆದು ಸ್ಟೇನ್‌ಲೆಸ್ ಸ್ಟೀಲ್ ತಂತಿಯಿಂದ ರೀಪಿಗೆ ಕಟ್ಟಬೇಕು. ಅಂಗೈಗಿಂತ ಚಿಕ್ಕ ತ್ರಿಕೋನದ ತುಂಡನ್ನು ಬಳಸಲೇಬಾರದು. ಪಕ್ಕದ ಹಂಚಿನ ಜಾಗ ಹೊಂದಿಸಿ ದೊಡ್ಡ ತುಂಡೇ ಬರುವಂತೆ ಮಾಡಬೇಕು.

ಡಾರ್ಮರ್‌ನ ಚಿಕ್ಕ ಮಾಡು ದೊಡ್ಡ ಮಾಡಿನೊಂದಿಗೆ ಕೂಡುವ ಒಳಮೂಲೆಯನ್ನು ಕೆಲಸಗಾರರು ವ್ಯಾಲಿ ಎನ್ನುತ್ತಾರೆ. ಸೋರಿಕೆಯ ತವರುಮನೆ ಅದು. ಎರಡು ಕಡೆಯ ನೀರು ಅಲ್ಲಿ ಸೇರುತ್ತದೆ, ಅದರ ಜೊತೆಗೆ ಬಹಳ ಜನರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ: ವ್ಯಾಲಿ ಓರೆಯಾಗಿ ಇಳಿಯುವುದರಿಂದ ಅದರ ಇಳಿಜಾರು ಮಾಡಿನ ಇಳಿಜಾರಿಗಿಂತ ಯಾವಾಗಲೂ ಕಡಿಮೆ. ಎರಡೂ ಮಾಡುಗಳು 35 ಡಿಗ್ರಿ ಇದ್ದರೆ ವ್ಯಾಲಿ 26 ಡಿಗ್ರಿ ಇರುತ್ತದೆ, 30 ಇದ್ದರೆ ವ್ಯಾಲಿ 22ಕ್ಕೆ ಇಳಿಯುತ್ತದೆ. ಕಡಿದಾದ ಮಾಡನ್ನು ನಾನು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ. ವ್ಯಾಲಿಯ ಕೆಳಗೆ ಪೂರ್ತಿ ಉದ್ದಕ್ಕೆ ಹಲಗೆ, ಅದರ ಮೇಲೆ ಡಾಂಬರು ಶೀಟು, ಅದರ ಮೇಲೆ ಎರಡು ಅಡಿಗೆ ಕಡಿಮೆಯಿಲ್ಲದ ಅಗಲದ ತಗಡು ಹಾಕಿ. ತಗಡಿನ ಎರಡು ಅಂಚುಗಳನ್ನೂ ಮೇಲಕ್ಕೆ ಮಡಚಿ ತುಟಿಯಂತೆ ಮಾಡಿದರೆ ಹಂಚಿನ ಕೆಳಗೆ ನುಗ್ಗಿದ ನೀರು ಅಲ್ಲಿಂದ ಆಚೆ ಹಾರುವುದಿಲ್ಲ. ಹಂಚುಗಳು ತಗಡಿನ ಮೇಲೆ ಎರಡು ಕಡೆಯಿಂದಲೂ ಒಳಕ್ಕೆ ಬಂದು, ನಡುವೆ ನಾಲ್ಕರಿಂದ ಐದು ಇಂಚು ಅಗಲದ ಬಯಲು ಕಾಲುವೆ ಉಳಿಯಬೇಕು. ಈ ಬಯಲು ಚೆನ್ನಾಗಿ ಕಾಣುವುದಿಲ್ಲವೆಂದು ಹಂಚುಗಳನ್ನು ಹತ್ತಿರ ತಂದು ಸಿಮೆಂಟು ಗಾರೆ ತುಂಬುವುದೇ ನಮ್ಮ ಕಡೆಯ ದೊಡ್ಡ ತಪ್ಪು. ಬಿಸಿಲಿಗೆ ಹಂಚು, ತಗಡು, ಗಾರೆ ಒಂದೊಂದು ಒಂದೊಂದು ಅಳತೆಯಲ್ಲಿ ಹಿಗ್ಗುತ್ತವೆ, ಗಾರೆ ಬಿರುಕು ಬಿಡುತ್ತದೆ, ಆ ಕೂದಲೆಳೆಯಷ್ಟು ಬಿರುಕು ನೀರನ್ನು ಹೀರಿ ಒಳಕ್ಕೆ ಎಳೆಯುತ್ತದೆ. ಅಲ್ಯೂಮಿನಿಯಂ ತಗಡಾದರೆ ಹಸಿ ಸಿಮೆಂಟು ತಾಗಿದ ಕಡೆಯೆಲ್ಲ ಕೊರೆದು ತೂತಾಗುತ್ತದೆ. ನಾನು ಬಿಚ್ಚಿಸಿದ ಇಂಥ ಒಂದು ವ್ಯಾಲಿಯಲ್ಲಿ ಗಾರೆಯ ಹಿಂದೆ ಗೇರು ಎಲೆಗಳು ಕೊಳೆತು ಕಪ್ಪು ಮಣ್ಣಾಗಿದ್ದವು, ಕೆಳಗಿನ ಹಲಗೆಯೊಳಕ್ಕೆ ಉಗುರು ಬೆಣ್ಣೆಗೆ ಇಳಿದಂತೆ ಇಳಿಯಿತು. ನಿಮ್ಮ ಗೋಡೌನಿನ ಮೇಲೆ ಮರಗಳ ಕೊಂಬೆ ಚಾಚಿಕೊಂಡಿದ್ದರೆ ಪ್ರತಿ ಮೇ ತಿಂಗಳಲ್ಲಿ ಒಬ್ಬರು ಹತ್ತಿ ವ್ಯಾಲಿ ಗುಡಿಸಬೇಕು. ಹತ್ತಿ ಗುಡಿಸಲು ಬಯಲು ಕಾಲುವೆ ಇದ್ದರೆ ತಾನೇ ಸಾಧ್ಯ.

ಡಾರ್ಮರ್‌ನ ಎರಡು ಪಕ್ಕದ ಗೋಡೆಗಳ, ಅಂದರೆ ಕೆನ್ನೆಗೋಡೆಗಳ ಬುಡದಲ್ಲೂ ತಗಡು ಬೇಕು. ಅದು ಗೋಡೆಯ ಮೇಲೆ ಆರಿಂಚು ಏರಿ ಹೊರಹೊದಿಕೆಯ ಹಿಂದೆ ಹೋಗಬೇಕು, ಹಂಚಿನ ಕೆಳಗೂ ಅಷ್ಟೇ ಚಾಚಿ ತುಟಿ ಮಡಚಿರಬೇಕು. ಮುಂಗೋಡೆಯ ಕೆಳಗೆ ಮಾತ್ರ ತಗಡು ಹಂಚಿನ ಮೇಲೆ ಬರಬೇಕು. ಮೇಲಿನದು ಕೆಳಗಿನದರ ಮೇಲೆ ಹಾಸಿರಬೇಕು ಎಂಬ ಒಂದೇ ನಿಯಮ ನೆನಪಿಟ್ಟುಕೊಂಡರೆ ಎಲ್ಲಿ ಮೇಲೆ, ಎಲ್ಲಿ ಕೆಳಗೆ ಎಂಬ ಗೊಂದಲ ಇರುವುದಿಲ್ಲ. ಕಿಟಕಿಯ ಹೊಸ್ತಿಲು ಹಂಚಿನಿಂದ ಎಂಟು ಇಂಚಾದರೂ ಮೇಲಿರಲಿ. ವ್ಯಾಲಿಯ ತಾಪತ್ರಯವೇ ಬೇಡವೆಂದು ಕೆಲವರು ಒಂದೇ ಕಡೆ ಇಳಿಯುವ ಚಪ್ಪರದಂಥ ಡಾರ್ಮರ್ ಮಾಡಿಸುತ್ತಾರೆ. ಕಟ್ಟುವುದು ಸುಲಭ, ಒಳಜಾಗವೂ ಹೆಚ್ಚು. ಆದರೆ ನಿಮ್ಮ ಅಳತೆಯಲ್ಲಿ ಅದರ ಮಾಡಿನ ಇಳಿಜಾರು 15 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಮಂಗಳೂರು ಹಂಚಿಗೆ 26 ಡಿಗ್ರಿಯಾದರೂ ಬೇಕು. ಅದಕ್ಕಿಂತ ಕಡಿಮೆಯಾದರೆ ಗಾಳಿ ನೀರನ್ನು ಹಂಚಿನ ಸಂದಿನೊಳಗೆ ಮೇಲಕ್ಕೆ ತಳ್ಳುತ್ತದೆ. ಚಪ್ಪರದ ಡಾರ್ಮರ್ ಬೇಕೆಂದರೆ ಅದಕ್ಕೆ ತಗಡಿನ ಶೀಟನ್ನೇ ಹೊದಿಸಬೇಕು, ಹಂಚು ಕೂಡದು.

ಗಾಳಿಯ ಭಯಕ್ಕೂ ಆಧಾರವಿದೆ. ಗಾಳಿಭಾರದ ಭಾರತೀಯ ಸಂಹಿತೆ ಪಣಜಿಗೆ ಸೆಕೆಂಡಿಗೆ 39 ಮೀಟರ್, ಮುಂಬೈಗೆ 44 ಮೀಟರ್ ಮೂಲವೇಗ ಹಿಡಿಯುತ್ತದೆ. 39 ಮೀಟರಿನ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 93 ಕಿಲೋ; ಒಣ ಹಂಚಿನ ಭಾರ ಅದರ ಅರ್ಧದಷ್ಟೂ ಇಲ್ಲ. ಮಾಡಿನ ಅಂಚು, ನೆತ್ತಿ ಮತ್ತು ಡಾರ್ಮರ್‌ನ ಸುತ್ತ ಗಾಳಿ ಸುಳಿಯಾಗಿ ಹಂಚನ್ನು ಮೇಲಕ್ಕೆ ಹೀರುತ್ತದೆ, ಕಿಟಕಿ ತೆರೆದಿದ್ದರೆ ಒಳಗಿನಿಂದಲೂ ದೂಡುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದದ್ದು ನಿಮಗೆ ಮರೆತಿರಲಾರದು. ಆದ್ದರಿಂದ ಸೂರಿನ ಮೊದಲ ಎರಡು ಸಾಲು, ನೆತ್ತಿಯ ಸಾಲು ಮತ್ತು ಡಾರ್ಮರ್‌ನ ಸುತ್ತಲಿನ ಮೂರಡಿಯ ಒಳಗಿನ ಪ್ರತಿ ಹಂಚನ್ನೂ ತಂತಿ ಕಟ್ಟಿ ಬಿಗಿಯಿರಿ. ಪಕ್ಕಾಸಿನ ಬುಡವನ್ನು ಆರ್‌ಸಿಸಿ ಪಟ್ಟಿಗೆ 12 ಮಿಲಿಮೀಟರ್ ಬೋಲ್ಟ್ ಮತ್ತು ಉಕ್ಕಿನ ಪಟ್ಟಿಯಿಂದ ಹಿಡಿಸಿ. ಮಳೆಗಾಲದ ಗಾಳಿ ನಮ್ಮಲ್ಲಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ. ನಿಮ್ಮ ಮಾಡಿನ ಒಂದು ಇಳಿಜಾರು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಇರುವುದರಿಂದ, ಪಶ್ಚಿಮದ ಎರಡು ಡಾರ್ಮರ್‌ಗಳನ್ನು ಕೈಬಿಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಆ ಕಡೆಗೆ ಬೆಳಕು ಬೇಕಾದರೆ ಹತ್ತೆಂಟು ಗಾಜಿನ ಹಂಚು ಹಾಕಿಸಿ, ಒಂದು ಪಕ್ಕಾಸನ್ನೂ ಮುಟ್ಟದೆ ಬೆಳಕು ಬರುತ್ತದೆ.

ಸಾಮಾನು ಎಳೆಯುವ ಕೆಲಸವನ್ನಂತೂ ಡಾರ್ಮರ್‌ಗೆ ಒಪ್ಪಿಸಬೇಡಿ. ರಾಟೆಗೆ ಹಗ್ಗ ಹಾಕಿ ನೂರು ಕಿಲೋ ಎತ್ತುವಾಗ, ಸಾಮಾನಿನ ನೂರು ಮತ್ತು ಕೆಳಗಿನಿಂದ ಎಳೆಯುವವರ ನೂರು ಸೇರಿ ರಾಟೆ ನೇತುಹಾಕಿದ ಮರದ ಮೇಲೆ ಇನ್ನೂರು ಕಿಲೋ ಬೀಳುತ್ತದೆ, ಜಗ್ಗಾಟದಲ್ಲಿ ಇನ್ನೂ ಹೆಚ್ಚು. ಡಾರ್ಮರ್‌ನ ತೆಳು ನೆತ್ತಿ ಅದಕ್ಕಾಗಿ ಇರುವುದಲ್ಲ, ಅಲ್ಲದೆ ಸಾಮಾನು ಕೆಳಗಿನ ನಾಲ್ಕಡಿ ಹಂಚಿಗೆ ಬಡಿಯುತ್ತಲೇ ಮೇಲೇರುತ್ತದೆ. ದಕ್ಷಿಣ ಅಥವಾ ಉತ್ತರದ ತ್ರಿಕೋನ ಗೋಡೆಯಲ್ಲಿ ಅಟ್ಟದ ಮಟ್ಟಕ್ಕೆ ಒಂದು ಬಾಗಿಲು ಬಿಟ್ಟು, ಅದರ ಮೇಲೆ ಉಕ್ಕಿನ ತೊಲೆಯೊಂದನ್ನು ಗೋಡೆಯ ಒಳಗಿನವರೆಗೆ ಎಳೆದು ರಾಟೆ ಕಟ್ಟಿ. ಅದರ ಎದುರು ಗೋಡೆಯಲ್ಲಿ ಜಾಲಂಧ್ರ ಬಿಟ್ಟರೆ ಉದ್ದಕ್ಕೂ ಗಾಳಿಯಾಡುತ್ತದೆ. ಇಷ್ಟಾದ ಮೇಲೆ ನಿಮಗೆ ಪೂರ್ವದ ಕಡೆಯ ಎರಡು ಡಾರ್ಮರ್ ಸಾಕು. ಅವು ಬೆಳಗಿನ ಬೆಳಕು ಕೊಡುತ್ತವೆ, ಕಿಟಕಿಯ ಹತ್ತಿರ ನಿಂತು ಬಟ್ಟೆ ಮಡಚಲು ಎತ್ತರವನ್ನೂ ಕೊಡುತ್ತವೆ.

ಈ ಅಳತೆಗಳು ನಿಮ್ಮ ಪತ್ರದ ಆಧಾರದ ಮೇಲೆ ಹಾಕಿದವು. ಸ್ಥಳೀಯ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ಗೋಡೆಯ ದಪ್ಪ, ಪಾಯ ಮತ್ತು ಮಣ್ಣನ್ನು ನೋಡಿ ಸಹಿ ಹಾಕಿದ ನಕ್ಷೆಯನ್ನೇ ಬಡಗಿಯ ಕೈಗೆ ಕೊಡಿ. ಮರವನ್ನು ಮಳೆ ನಿಂತ ಕೂಡಲೇ ಕೊಂಡು ನೆರಳಿನಲ್ಲಿ ಸಂದು ಬಿಟ್ಟು ಅಟ್ಟಿ ಹಾಕಿ ಒಣಗಿಸಿ. ಹಸಿ ಮರದಲ್ಲಿ ಬಿಗಿದ ಬೋಲ್ಟ್ ಬೇಸಗೆಯಲ್ಲಿ ಸಡಿಲವಾಗುತ್ತದೆ. ಗೆದ್ದಲಿನ ಔಷಧಿಯನ್ನು ಮರ ಕತ್ತರಿಸಿದ ಮೇಲೆ, ಕತ್ತರಿಸಿದ ತುದಿಗಳಿಗೂ ತಗಲುವಂತೆ ಹಚ್ಚಬೇಕು. ಏಪ್ರಿಲ್ ಕೊನೆಗೆ ಹಂಚು ಹೊದಿಸಿ ಮುಗಿಯುವಂತೆ ಕೆಲಸ ಹೊಂದಿಸಿಕೊಳ್ಳಿ. ಬಡಗಿಯವರಿಗೆ ಕೊನೆಯ ಕಂತಿನ ಹಣ ಕೊಡುವ ಮೊದಲು ಒಬ್ಬರನ್ನು ಪೈಪು ಕೊಟ್ಟು ಏಣಿ ಹತ್ತಿಸಿ, ಇನ್ನೊಬ್ಬರು ಬ್ಯಾಟರಿ ಹಿಡಿದು ಅಟ್ಟದೊಳಗೆ ಕೂರಲಿ. ಮೊದಲು ಕಿಟಕಿಯ ಬುಡಕ್ಕೆ ಹತ್ತು ನಿಮಿಷ, ಆಮೇಲೆ ಕೆನ್ನೆಗೋಡೆಗಳಿಗೆ ಹತ್ತು ನಿಮಿಷ, ಕೊನೆಗೆ ವ್ಯಾಲಿಯ ತಲೆಗೆ ಹತ್ತು ನಿಮಿಷ, ಹೀಗೆ ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತ ಹೋಗಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಡಿ, ತೂತು ಯಾವ ಮಟ್ಟದಲ್ಲಿದೆ ಎಂಬುದು ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲ.